ಎಡಕ್ಕೆ, ಬಲಕ್ಕೆ, ನಡುವೆ ಹದಿನೈದು ಮಿಲಿಸೆಕೆಂಡು

ಬಾಣದ ಗುರುತು ಕಂಡರೆ ಗಮನ ಅದು ತೋರಿಸಿದ ಕಡೆ ಹೋಗುತ್ತದೆ ಅನ್ನೋದಕ್ಕೆ ಪ್ರಯೋಗ ಬೇಕಿಲ್ಲ. ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ನೇರಳೆ ಮಾರ್ಗದ ರೈಲು ಇಳಿದು ಹಸಿರು ಮಾರ್ಗ ಹುಡುಕುವವರನ್ನು ಐದು ನಿಮಿಷ ನೋಡಿದರೆ ಸಾಕು. ನಮಗೆ ಬೇಕಿದ್ದದ್ದು ಬೇರೆ. ಬಾಣವನ್ನು ನಂಬುವಂತಿಲ್ಲ ಎಂದು ಮೊದಲೇ ಹೇಳಿದ್ದರೂ ಗಮನ ಅತ್ತ ಹೋಗುತ್ತದೆಯೇ? ಬಾಣದ ಜಾಗದಲ್ಲಿ ಕನ್ನಡದ ಒಂದು ಪದ ಇಟ್ಟರೂ ಹೋಗುತ್ತದೆಯೇ? ಹೋದರೆ ಎಷ್ಟು ಬೇಗ? ಬೆಂಗಳೂರಿನ ಒಂದು ಮಾಮೂಲಿ ಕೋಣೆಯಲ್ಲಿ, ಒಂದು ಲ್ಯಾಪ್‌ಟಾಪ್, ಒಂದು ಮಾನಿಟರ್ ಇಟ್ಟುಕೊಂಡು ಇದನ್ನು ಅಳೆಯುವ ವ್ಯವಸ್ಥೆ ಕಟ್ಟಿದ ಬಗೆ ಇಲ್ಲಿದೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಕಣ್ಣು ಹೋಗುವುದೂ ಗಮನ ಹೋಗುವುದೂ ಒಂದೇ ಅಲ್ಲ. ಎದುರಿಗಿರುವವರ ಮುಖ ನೋಡುತ್ತಲೇ ಪಕ್ಕದ ಟೇಬಲ್ಲಿಗೆ ಬಂದ ದೋಸೆಯನ್ನು ಗಮನಿಸಬಹುದು. 19ನೇ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕತ್ತಲೆಯಲ್ಲಿ ಒಂದು ಕಿಡಿಯ ಬೆಳಕಿನಲ್ಲಿ ಅಕ್ಷರಗಳನ್ನು ತೋರಿಸಿ, ಕಣ್ಣು ಒಂದೆಡೆ ನೆಟ್ಟಿದ್ದರೂ ಮನಸ್ಸು ಬೇರೆ ಕಡೆಯ ಅಕ್ಷರಗಳನ್ನು ಹಿಡಿಯಬಲ್ಲದು ಎಂದು ಬರೆದಿದ್ದರು. ನಾವು ಅಳೆಯಹೊರಟಿದ್ದು ಈ ಕಣ್ಣು ಕದಲದ ಗಮನವನ್ನು. ಅದು ಹೊರಗೆ ಕಾಣುವುದಿಲ್ಲವಾದ್ದರಿಂದ ಗುಂಡಿ ಒತ್ತಲು ಹಿಡಿದ ಸಮಯದಿಂದ ಊಹಿಸಬೇಕು.

ಊಹಿಸುವ ಉಪಾಯ ಮನಶ್ಶಾಸ್ತ್ರಜ್ಞ ಮೈಕೆಲ್ ಪೋಸ್ನರ್ ಅವರದು. 1980ರಲ್ಲಿ ಅವರ ಲೇಖನ ಪ್ರಕಟವಾಯಿತು, ಅವರ ಹೆಸರಿನಲ್ಲೇ ಇಂದಿಗೂ ಈ ವಿಧಾನ ನಡೆಯುತ್ತದೆ. ಪರದೆಯ ನಡುವೆ ಕಣ್ಣು ನೆಡಲು ಒಂದು ಚುಕ್ಕೆ. ಆಮೇಲೆ ಸೂಚಕ. ಆಮೇಲೆ ಎಡಕ್ಕೋ ಬಲಕ್ಕೋ ಗುರಿ. ಗುರಿ ಕಂಡ ಕೂಡಲೇ ಗುಂಡಿ. ಸೂಚಕ ತೋರಿಸಿದ ಕಡೆಯೇ ಗುರಿ ಬಂದಾಗಿನ ಸಮಯವನ್ನು ಎದುರು ಕಡೆ ಬಂದಾಗಿನ ಸಮಯದಿಂದ ಕಳೆದರೆ ಗಮನದ ಲೆಕ್ಕ ಸಿಗುತ್ತದೆ. 1981ರಲ್ಲಿ ಜಾನ್ ಜೊನೈಡಿಸ್ ಇನ್ನೊಂದು ಗೆರೆ ಎಳೆದರು: ಗುರಿಯ ಜಾಗದಲ್ಲೇ ಮಿನುಗುವ ಸೂಚಕ ಬೇಡವೆಂದರೂ ಎಳೆಯುತ್ತದೆ, ನಡುವೆ ಬರುವ ಬಾಣವನ್ನು ಜನ ಬೇಕಿದ್ದರೆ ಕಡೆಗಣಿಸಬಲ್ಲರು. ಬಾಣ ಎಂದರೆ ಅರ್ಥ ಮಾಡಿಕೊಂಡು ಪಾಲಿಸುವಂಥದ್ದು ಎಂಬ ಅಭಿಪ್ರಾಯ ಸುಮಾರು ಇಪ್ಪತ್ತು ವರ್ಷ ನಿಂತಿತು. 1998ರಲ್ಲಿ ಫ್ರೀಸನ್ ಮತ್ತು ಕಿಂಗ್‌ಸ್ಟೋನ್ ಒಂದು ಗೀಚುಚಿತ್ರದ ಮುಖದ ಕಣ್ಣುಗಳನ್ನು ಪಕ್ಕಕ್ಕೆ ತಿರುಗಿಸಿ, ಆ ನೋಟಕ್ಕೂ ಗುರಿಗೂ ಸಂಬಂಧವೇ ಇಲ್ಲವೆಂದು ಹೇಳಿದ ಮೇಲೂ ಗಮನ ಹೋಗುವುದನ್ನು ತೋರಿಸಿದರು. ಕಣ್ಣಿಗೆ ಮಾತ್ರ ಈ ಶಕ್ತಿ ಇರಬಹುದು ಎನ್ನುವಷ್ಟರಲ್ಲಿ, 2001ರಲ್ಲಿ ಹೊಮ್ಮೆಲ್ ಮತ್ತು ಸಂಗಡಿಗರು ಬಾಣ ಮತ್ತು ದಿಕ್ಕಿನ ಪದಗಳಲ್ಲೂ, 2002ರಲ್ಲಿ ಟಿಪಲ್ಸ್ ಬಾಣದಲ್ಲೂ ಅದನ್ನೇ ಕಂಡರು. ನಮ್ಮ ಕೆಲಸ ಇಲ್ಲಿಂದ ಶುರು.

ವ್ಯತ್ಯಾಸ ಎಷ್ಟಿರುತ್ತದೆ ಎಂಬ ಅಂದಾಜು ಮೊದಲೇ ಇರಬೇಕು, ಇಲ್ಲದಿದ್ದರೆ ಮುಂದೆ ಹೇಳುವುದೆಲ್ಲ ಅತಿ ಮಡಿ ಅನ್ನಿಸುತ್ತದೆ. ನಂಬಲಾಗದ ಬಾಣದಿಂದ ಸಿಗುವುದು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮಿಲಿಸೆಕೆಂಡು. 60 ಹರ್ಟ್ಸ್ ಮಾನಿಟರ್‌ನಲ್ಲಿ ಒಂದು ಫ್ರೇಮ್ (ಪರದೆ ಒಮ್ಮೆ ಹೊಸದಾಗಿ ಮೂಡುವ ಹೊತ್ತು) 16.7 ಮಿಲಿಸೆಕೆಂಡು. ಅಂದರೆ ಒಂದೇ ಒಂದು ಫ್ರೇಮ್ ಒಂದು ಕಡೆಯ ಟ್ರಯಲ್‌ಗಳಲ್ಲಿ (ಚುಕ್ಕೆಯಿಂದ ಗುಂಡಿಯವರೆಗಿನ ಒಂದೊಂದು ಸರದಿ) ಮಾತ್ರ ತಪ್ಪಿದರೆ ಇಡೀ ಫಲಿತಾಂಶ ಅದೇ ಆಗಿಬಿಡಬಹುದು.

ಪ್ರೋಗ್ರಾಂಗೆ ಸೈಕೋಪೈ ಎಂಬ ತಂತ್ರಾಂಶ ಬಳಸಿದೆವು. ಉಚಿತ, ಕಂಡೀಷನ್‌ಗಳನ್ನು ಎಕ್ಸೆಲ್ ಹಾಳೆಯಿಂದಲೇ ಓದುತ್ತದೆ. ಒಂದು ಟ್ರಯಲ್ ಹೀಗೆ: ಚುಕ್ಕೆ 800ರಿಂದ 1200 ಮಿಲಿಸೆಕೆಂಡು, ಪ್ರತಿಸಲ ಬೇರೆ. ನಂತರ ಸೂಚಕ. ಸೂಚಕ ಬಂದ 100, 300 ಅಥವಾ 600 ಮಿಲಿಸೆಕೆಂಡಿಗೆ ಗುರಿ, ಸೂಚಕ ಅಲ್ಲೇ ಉಳಿದಿರುತ್ತದೆ. ಗುರಿ ಎಂದರೆ 1 ಸೆಂಟಿಮೀಟರ್ ಅಗಲದ ಬಿಳಿ ಬಿಲ್ಲೆ, ನಡುಚುಕ್ಕೆಯಿಂದ 7 ಸೆಂಟಿಮೀಟರ್ ದೂರ, ಬೂದು ಹಿನ್ನೆಲೆ. ಸ್ಪೇಸ್ ಬಾರ್ ಒತ್ತುವವರೆಗೆ, ಇಲ್ಲವೇ 1500 ಮಿಲಿಸೆಕೆಂಡಿನವರೆಗೆ ಇರುತ್ತದೆ. ಎರಡು ದಿಕ್ಕಿನ ಸೂಚಕ, ಎರಡು ಕಡೆಯ ಗುರಿ, ಅವುಗಳ ನಡುವೆ ಮೂರು ಕಾಲದ ಅಂತರ: ಒಟ್ಟು 12 ಬಗೆ. ಒಂದು ಬ್ಲಾಕ್‌ನಲ್ಲಿ (ಒಂದು ಸುತ್ತು) ಒಂದೊಂದೂ ನಾಲ್ಕು ಸಲ, ಅಂದರೆ 48. ಜತೆಗೆ ಗುರಿಯೇ ಬಾರದ 6 ಖಾಲಿ ಟ್ರಯಲ್. 54 ಟ್ರಯಲ್‌ಗೆ ಎರಡೂವರೆ ನಿಮಿಷ ಹಿಡಿಯುತ್ತದೆ. ಬಾಣದ್ದು ಮೂರು ಬ್ಲಾಕ್, ಪದದ್ದು ಮೂರು. ಅರ್ಧ ಜನಕ್ಕೆ ಬಾಣ ಮೊದಲು, ಉಳಿದವರಿಗೆ ಪದ ಮೊದಲು. ಸೂಚನೆ, ಅಭ್ಯಾಸ, ನೀರು ಕುಡಿಯುವುದು ಎಲ್ಲ ಸೇರಿ ಒಬ್ಬರಿಗೆ ಅರ್ಧ ಗಂಟೆ.

ಖಾಲಿ ಟ್ರಯಲ್ ಬಿಟ್ಟುಬಿಡುವ ಆಸೆ ಎಲ್ಲರಿಗೂ ಬರುತ್ತದೆ, ಸಮಯ ಉಳಿಯುತ್ತದಲ್ಲ. ಬಿಡಬೇಡಿ. ಗುರಿ ಬಂದೇ ಬರುತ್ತದೆ ಎಂದು ಖಾತ್ರಿಯಾದರೆ ಕೂತವರು ಸೂಚಕಕ್ಕೇ ಗುಂಡಿ ಒತ್ತಲು ಶುರುಮಾಡುತ್ತಾರೆ. ಬೇಕಂತಲ್ಲ, ಕೈ ತಾಳಕ್ಕೆ ಬಿದ್ದುಬಿಡುತ್ತದೆ. ಇನ್ನೊಂದು: ಅಂತರ ಹೆಚ್ಚಿದಷ್ಟೂ ಎಲ್ಲರೂ ವೇಗವಾಗಿ ಒತ್ತುತ್ತಾರೆ. ಇದುವರೆಗೆ ಬರಲಿಲ್ಲ ಅಂದರೆ ಈಗ ಬರಲೇಬೇಕು ಎಂಬ ಸಿದ್ಧತೆ ಅದು, ಬಾಣದ ಮಹಿಮೆಯಲ್ಲ. ಹಾಗಾಗಿ 100ರ ಸಮಯವನ್ನು 600ರ ಸಮಯದೊಂದಿಗೆ ಹೋಲಿಸುವಂತಿಲ್ಲ. ಒಂದೇ ಅಂತರದೊಳಗೆ ‘ಸರಿ ಕಡೆ’ಯನ್ನು ‘ತಪ್ಪು ಕಡೆ’ಗೆ ಮಾತ್ರ ಹೋಲಿಸಬೇಕು.

ಉತ್ತರಕ್ಕೆ ಒಂದೇ ಗುಂಡಿ ಇಟ್ಟದ್ದಕ್ಕೂ ಕಾರಣವಿದೆ. ಎಡಕ್ಕೆ ಬಂದರೆ ಎಡಗುಂಡಿ, ಬಲಕ್ಕೆ ಬಂದರೆ ಬಲಗುಂಡಿ ಎಂದು ಮಾಡಿದರೆ ಬಹಳ ಚೆಂದದ, ದೊಡ್ಡ ವ್ಯತ್ಯಾಸ ಬರುತ್ತದೆ. ಆದರೆ ಅದು ಗಮನದ್ದೇ ಎಂದು ಹೇಳಲಾಗದು. ಬಲಕ್ಕೆ ತಿರುಗಿದ ಬಾಣ ಬಲಗೈಯನ್ನೇ ಒತ್ತಲು ಅಣಿಮಾಡಿರುತ್ತದೆ. ಗುರುತಿಸುವ ಕೆಲಸವೇ ಬೇಕೆಂದಿದ್ದರೆ ಗುರಿಯಲ್ಲಿ ಎರಡು ಆಕಾರ ಇಟ್ಟು, ಕೀಬೋರ್ಡಿನಲ್ಲಿ ಒಂದರ ಕೆಳಗೊಂದು ಇರುವ ಎರಡು ಗುಂಡಿ ಕೊಡಿ. ಪ್ರಾಜೆಕ್ಟ್‌ಗಾಗಿ ಈ ಪ್ರಯೋಗ ಮಾಡುವ ವಿದ್ಯಾರ್ಥಿಗಳು ಜಾರುವ ಜಾಗ ಇದೇ.

ಇನ್ನು ಸೂಚಕದ ಆಕಾರ. ಮಾಮೂಲಿ ಬಾಣದಲ್ಲಿ ತಲೆ ಇರುವ ಕಡೆ ಗೆರೆ ಹೆಚ್ಚು, ಬಾಲದ ಕಡೆ ಕಡಿಮೆ. ಆಗ ಗಮನ ಸೆಳೆದದ್ದು ಬಾಣದ ಅರ್ಥವೋ ಆ ಕಡೆ ಹೆಚ್ಚಾಗಿ ಬಿದ್ದ ಕಪ್ಪೋ? ಪರಿಹಾರ ಹಳೆಯದೇ: ಬಾಲಕ್ಕೂ ಅದೇ ಆಕಾರದ ಕೊಕ್ಕೆ ಹಾಕುವುದು. ಎರಡು ತುದಿಯ ಕೊಕ್ಕೆಗಳೂ ಒಂದೇ ಕಡೆ ತಿರುಗಿರುತ್ತವೆ, ಎಡಬಲದ ತೂಕ ಸಮ.

ಪದದ ವಿಷಯದಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ ಅಂತ ಮೊದಲು ಅನ್ನಿಸಿತ್ತು. ‘ಎಡ’, ‘ಬಲ’ ಎರಡೂ ಎರಡೆರಡೇ ಅಕ್ಷರ. ಆ ಖುಷಿ ಅರ್ಧ ದಿನದ್ದು. ‘ಬಲ’ ಅಂದರೆ ಶಕ್ತಿಯೂ ಹೌದು. ಒಂಟಿಯಾಗಿ ಪರದೆ ಮೇಲೆ ಬಂದಾಗ ಎಷ್ಟೋ ಜನಕ್ಕೆ ಮೊದಲು ಹೊಳೆಯುವುದು ಆ ಅರ್ಥವೇ. ದಿನಬಳಕೆಯಲ್ಲಿ ‘ಎಡ’ಕ್ಕೆ ಅಂಥ ಇನ್ನೊಂದು ಅರ್ಥದ ಕಾಟ ಇಲ್ಲ. ಅಂದರೆ ಒಂದು ದಿಕ್ಕಿನ ಪದ ಸ್ಪಷ್ಟ, ಇನ್ನೊಂದು ಮಸುಕು. ಬೆಂಗಳೂರಿನಲ್ಲಿ ಯಾರು ಎಡ ಬಲ ಅಂತಾರೆ, ‘ಲೆಫ್ಟ್’, ‘ರೈಟ್’ ಅಂತ ಕನ್ನಡ ಲಿಪಿಯಲ್ಲೇ ಹಾಕಿ ಎಂಬ ಸಲಹೆಯೂ ಬಂತು. ಆಟೊದವರಿಗೆ ದಾರಿ ಹೇಳುವಾಗ ನಿಜಕ್ಕೂ ಬಾಯಿಗೆ ಬರುವುದು ಅದೇ. ಆದರೆ ಬಸ್ಸಿನಲ್ಲಿ ಕಂಡಕ್ಟರ್ ‘ರೈಟ್ ರೈಟ್’ ಎಂದಾಗ ಡ್ರೈವರ್ ಬಲಕ್ಕೆ ತಿರುಗಿಸುವುದಿಲ್ಲ, ಮುಂದೆ ಹೋಗುತ್ತಾರೆ. ‘ಸರಿ’ ಎಂಬರ್ಥದ ‘ರೈಟ್’ ಬೇರೆ ಇದೆ. ಅಲ್ಲಿಗೆ ಅದೂ ಹೋಯಿತು.

ಕೊನೆಗೆ ನಿಂತದ್ದು ‘ಎಡಕ್ಕೆ’, ‘ಬಲಕ್ಕೆ’. ಮೂರು ಮೂರು ಅಕ್ಷರ, ಕೊನೆಯ ‘ಕ್ಕೆ’ ಎರಡರಲ್ಲೂ ಒಂದೇ, ವಿಭಕ್ತಿ ಸೇರಿದ ಮೇಲೆ ದಿಕ್ಕಿನ ಅರ್ಥವೇ ಮುಂದೆ ಬರುತ್ತದೆ. ಒತ್ತಕ್ಷರ ಇರುವ ಕಾರಣ ಬಲಗಡೆ ತುಸು ಭಾರ ನಿಜ, ಆದರೆ ಎರಡು ಪದಕ್ಕೂ ಅಷ್ಟೇ ಭಾರವಾದ್ದರಿಂದ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಮೇಲೆ-ಕೆಳಗೆ ಜೋಡಿಯಲ್ಲಿ ಈ ಸೌಕರ್ಯ ಇಲ್ಲ. ಒಂದು ಎರಡಕ್ಷರ, ಇನ್ನೊಂದು ಮೂರು.

ಆ ‘ಕ್ಕೆ’ಯೇ ಮುಂದಿನ ತಲೆನೋವು. ಅಕ್ಷರವನ್ನು ಪಠ್ಯವಾಗಿ ಕೊಟ್ಟರೆ ಇಂಥ ಪ್ರೋಗ್ರಾಂಗಳು ಒತ್ತನ್ನು ಕೆಳಗೆ ಕೂರಿಸದೆ ‘ಕ್‌ಕೆ’ ಎಂದು ಬಿಡಿಸಿ ತೋರಿಸುವುದುಂಟು, ಅದೂ ಒಂದು ಕಂಪ್ಯೂಟರ್‌ನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಇದರ ಜತೆ ಗುದ್ದಾಡುವ ಬದಲು ಪದಗಳನ್ನು ಚಿತ್ರ ಮಾಡಿಟ್ಟೆವು: ಇಂಕ್‌ಸ್ಕೇಪ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್, ಎರಡಕ್ಕೂ ಒಂದೇ ಅಳತೆಯ ಕ್ಯಾನ್ವಾಸ್, ಪದ ಸರಿಯಾಗಿ ನಡುವೆ, ಪಿಎನ್‌ಜಿ ಆಗಿ ರಫ್ತು. ಚಿತ್ರಗಳನ್ನು ಪ್ರಯೋಗ ಶುರುವಾಗುವ ಮೊದಲೇ ಲೋಡ್ ಮಾಡಿಸಬೇಕು. ಟ್ರಯಲ್ ನಡುವೆ ಲೋಡ್ ಮಾಡಿದರೆ ಅಲ್ಲೊಂದು ಫ್ರೇಮ್, ಇಲ್ಲೊಂದು ಫ್ರೇಮ್ ಬಿದ್ದುಹೋಗುತ್ತದೆ.

ಬಿತ್ತೋ ಇಲ್ಲವೋ ಎಂದು ಪ್ರೋಗ್ರಾಂ ಹೇಳಿದ್ದನ್ನು ನಂಬದೆ ಪರದೆಯನ್ನೇ ಕೇಳಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಸಿಗುವ ಒಂದು ಆರ್ಡುಯಿನೊ ಯೂನೊ (ಪುಟ್ಟ ಕಂಪ್ಯೂಟರ್ ಬೋರ್ಡು), ಬೆಳಕು ಬಿದ್ದದ್ದನ್ನು ಹಿಡಿಯುವ ಒಂದು ಬಿಪಿಡಬ್ಲ್ಯು34 ಫೋಟೋಡಯೋಡ್, 100 ಕಿಲೋಓಮ್ ರೆಸಿಸ್ಟರ್, ಮೂರು ವೈರ್ ಸಾಕು. ಡಯೋಡಿನ ಕ್ಯಾಥೋಡ್ 5 ವೋಲ್ಟ್‌ಗೆ, ಆನೋಡ್ ಎ0 ಪಿನ್ನಿಗೆ, ಆ ಪಿನ್ನಿನಿಂದ ಗ್ರೌಂಡಿಗೆ ರೆಸಿಸ್ಟರ್. 10 ಕಿಲೋಓಮ್ ಹಾಕಿದರೆ ಸಿಗ್ನಲ್ ತೀರಾ ಸಣ್ಣದಾಗುತ್ತದೆ. ಪರದೆಯ ಒಂದು ಮೂಲೆಯಲ್ಲಿ ಸೂಚಕ ಬಂದಾಗೊಮ್ಮೆ, ಗುರಿ ಬಂದಾಗೊಮ್ಮೆ ಬಿಳಿ ಚೌಕ ಮಿನುಗುವಂತೆ ಮಾಡಿ, ಡಯೋಡನ್ನು ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನಿಂದ ಅಂಟಿಸುವುದು. ಎರಡು ಮಿನುಗಿನ ನಡುವಿನ ಕಾಲವನ್ನು ಆರ್ಡುಯಿನೊ ಬರೆದುಕೊಳ್ಳುತ್ತದೆ. 100 ಇರಬೇಕಾದಲ್ಲಿ 116.7 ಬಂದರೆ ಒಂದು ಫ್ರೇಮ್ ಜಾಸ್ತಿ ಎಂದೇ ಅರ್ಥ. ಇದಕ್ಕೆ ಹೆಚ್ಚಿನ ಸಲ ಕಾರಣ ಅಂತರವನ್ನು ಸೆಕೆಂಡಿನಲ್ಲಿ ಬರೆದಿರುವುದು. ಫ್ರೇಮಿನ ಲೆಕ್ಕದಲ್ಲಿ 6, 18, 36 ಎಂದು ಬರೆದರೆ ಸರಿಹೋಗುತ್ತದೆ. ಅಳೆಯುವಾಗ ಮಾನಿಟರ್ ಬ್ರೈಟ್‌ನೆಸ್ ಪೂರ್ತಿ ಇಡಿ. ಕಡಿಮೆ ಮಾಡಿದರೆ ಹಲವು ಮಾನಿಟರ್‌ಗಳು ಹಿಂಬದಿ ದೀಪವನ್ನು ವೇಗವಾಗಿ ಆರಿಸಿ ಹೊತ್ತಿಸಿ ಮಂಕು ಮಾಡುತ್ತವೆ, ಡಯೋಡಿಗೆ ಅದೆಲ್ಲ ಮಿನುಗೇ.

ಪರದೆ ಮೇಲಿನಿಂದ ಕೆಳಗೆ ತುಂಬುತ್ತಾ ಬರುತ್ತದೆ, ತುದಿಯಿಂದ ತುದಿಗೆ ಹೆಚ್ಚುಕಮ್ಮಿ ಒಂದು ಫ್ರೇಮಿನಷ್ಟು ಹೊತ್ತು. ಎಡ ಬಲದ ಗುರಿಗಳು ಒಂದೇ ಎತ್ತರದಲ್ಲಿರುವುದರಿಂದ ನಮಗೆ ತೊಂದರೆ ಇಲ್ಲ. ಮೇಲೆ-ಕೆಳಗೆ ಪ್ರಯೋಗ ಮಾಡುವವರಿಗೆ ಮೇಲಿನ ಗುರಿ ನಿಜಕ್ಕೂ ಕೆಲವು ಮಿಲಿಸೆಕೆಂಡು ಮೊದಲೇ ಬರುತ್ತದೆ. ಯುಎಸ್‌ಬಿ ಕೀಬೋರ್ಡನ್ನು ಕಂಪ್ಯೂಟರ್ ಸಾಮಾನ್ಯವಾಗಿ 8 ಮಿಲಿಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಆ ಏರುಪೇರು ಎಲ್ಲ ಟ್ರಯಲ್‌ಗಳಿಗೂ ಸಮನಾಗಿ ಹಂಚಿಹೋಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬ್ಲೂಟೂತ್ ಕೀಬೋರ್ಡ್ ಮಾತ್ರ ಬೇಡ, ಅದು ನಡುನಡುವೆ ನಿದ್ದೆ ಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿಯೇ ಇರಲಿ, ಬ್ಯಾಟರಿ ಉಳಿಸುವ ಮೋಡ್‌ಗೆ ಹೋದರೆ ಫ್ರೇಮ್ ಬೀಳುತ್ತದೆ. ವೈಫೈ ಆಫ್.

ಕೋಣೆ. ಎಡಗಡೆ ಕಿಟಕಿ ಇದ್ದು ಬಿಸಿಲು ಪರದೆಯ ಎಡ ಅರ್ಧಕ್ಕೆ ಬಿದ್ದರೆ ಎಡದ ಗುರಿ ಮಂಕಾಗಿ ಕಾಣುತ್ತದೆ, ಎಲ್ಲರೂ ಎಡಕ್ಕೆ ನಿಧಾನವಾಗುತ್ತಾರೆ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಟ್ಯೂಬ್‌ಲೈಟಿನ ಪ್ರತಿಬಿಂಬ ಮಾನಿಟರ್‌ನಲ್ಲಿ ಕಾಣದಂತೆ ಕುರ್ಚಿ ಮೇಜು ತಿರುಗಿಸಿಕೊಂಡೆವು. ಹಾರ್ನ್ ಶಬ್ದ ಬೆಂಗಳೂರಿನಲ್ಲಿ ತಪ್ಪಿಸುವ ವಸ್ತುವಲ್ಲ. ದಿಢೀರ್ ಹಾರ್ನ್ ಜನರನ್ನು ಎಚ್ಚರಿಸುತ್ತದೆ, ಆ ಟ್ರಯಲ್ ಬೇಗ ಆಗಬಹುದು. ಅದು ಸರಿ ಕಡೆಗೂ ತಪ್ಪು ಕಡೆಗೂ ಸಮವಾಗಿ ಬೀಳುವುದರಿಂದ ಸರಾಸರಿ ಕೆಡಿಸುವುದಿಲ್ಲ, ಏರಿಳಿತ ಮಾತ್ರ ಹೆಚ್ಚಿಸುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಕೀ ಕೀ ಅನ್ನಲು ಶುರುಮಾಡಿದರೆ ಆ ಬ್ಲಾಕ್ ಬಿಟ್ಟು ಮತ್ತೆ ಮಾಡಿಸುವುದೇ ಒಳ್ಳೆಯದು.

ಕಣ್ಣಿನಿಂದ ಮಾನಿಟರ್‌ಗೆ ದೂರ 57 ಸೆಂಟಿಮೀಟರ್. ಆ ದೂರದಲ್ಲಿ 1 ಸೆಂಟಿಮೀಟರ್ ಅಂದರೆ ಕಣ್ಣಿಗೆ ಸರಿಸುಮಾರು 1 ಡಿಗ್ರಿ, ಲೆಕ್ಕ ಸುಲಭ. ಗದ್ದ ಇಡುವ ಸ್ಟ್ಯಾಂಡ್ ಇಲ್ಲದಿದ್ದರೆ ಮಾನಿಟರ್‌ಗೆ 57 ಸೆಂಟಿಮೀಟರ್ ದಾರ ಕಟ್ಟಿ, ಪ್ರತಿ ಬ್ಲಾಕ್‌ಗೆ ಮೊದಲು ಅದರ ತುದಿ ಹುಬ್ಬಿನ ಮಟ್ಟಕ್ಕೆ ಬರುತ್ತದೆಯೇ ನೋಡಿ. ಮೂರನೇ ಬ್ಲಾಕ್ ಹೊತ್ತಿಗೆ ಎಲ್ಲರೂ ಮುಂದಕ್ಕೆ ಬಾಗಿರುತ್ತಾರೆ. 45 ಸೆಂಟಿಮೀಟರಿಗೆ ಬಂದರೆ 7 ಡಿಗ್ರಿಯಲ್ಲಿದ್ದ ಗುರಿ 9ರ ಹತ್ತಿರಕ್ಕೆ ಸರಿದಿರುತ್ತದೆ.

ಕಣ್ಣು ಕದಲುತ್ತಿಲ್ಲ ಎಂಬುದನ್ನೂ ನೋಡಿಕೊಳ್ಳಬೇಕು. ಕಣ್ಣು ಜಿಗಿಯಲು ಸುಮಾರು 200 ಮಿಲಿಸೆಕೆಂಡು ಬೇಕು. 100ರ ಅಂತರದಲ್ಲಿ ಜಿಗಿಯುವುದರೊಳಗೆ ಗುರಿ ಬಂದಿರುತ್ತದೆ, ಆದರೆ 600ರಲ್ಲಿ ಆರಾಮಾಗಿ ಹೋಗಿ ಕಾಯುತ್ತಾ ಕೂರಬಹುದು. ಐ ಟ್ರ್ಯಾಕರ್ ಇಲ್ಲದವರು ಮುಖಕ್ಕೆ ಕ್ಯಾಮೆರಾ ಇಟ್ಟು, ಒಪ್ಪಿಗೆ ಪಡೆದು, ಇನ್ನೊಂದು ಪರದೆಯಲ್ಲಿ ಒಬ್ಬರು ನೋಡುತ್ತಿರಬೇಕು. 7 ಡಿಗ್ರಿ ಜಿಗಿತ ಬರಿಗಣ್ಣಿಗೇ ಕಾಣುತ್ತದೆ. 1 ಡಿಗ್ರಿಯದು ಕಾಣುವುದಿಲ್ಲ, ಆ ಮಿತಿ ಒಪ್ಪಿಕೊಂಡೇ ನಡೆಯಬೇಕು.

ಎಲ್ಲಕ್ಕಿಂತ ಹೆಚ್ಚು ಸಲ ತಿದ್ದಿ ಬರೆದದ್ದು ಸೂಚನೆಯ ನಾಲ್ಕು ಸಾಲು. ‘ಬಾಣ ನೋಡಿ’ ಎಂದರೆ ಪಾಲಿಸುತ್ತಾರೆ, ‘ಬಾಣ ನೋಡಬೇಡಿ’ ಎಂದರೆ ಅದರ ಮೇಲೇ ಜಗಳಕ್ಕೆ ನಿಲ್ಲುತ್ತಾರೆ. ಉಳಿದದ್ದು ಇದು: “ನಡುವಿನ ಚುಕ್ಕೆ ಮೇಲೇ ಕಣ್ಣಿಟ್ಟಿರಿ. ಒಂದು ಬಾಣ ಬರತ್ತೆ. ಬಿಳಿ ಬಿಲ್ಲೆ ಎಡಕ್ಕೂ ಬರಬಹುದು, ಬಲಕ್ಕೂ ಬರಬಹುದು, ಬಾಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಿಲ್ಲೆ ಕಂಡ ತಕ್ಷಣ ಒತ್ತಿ, ಬರದಿದ್ರೆ ಸುಮ್ನಿರಿ.” ಅಭ್ಯಾಸದ 12 ಟ್ರಯಲ್ ಮುಗಿದ ಮೇಲೆ ಒಂದು ಪ್ರಶ್ನೆ ಖಂಡಿತ ಬರುತ್ತದೆ: “ಸರ್, ಬಾಣ ತೋರ್ಸಿದ ಕಡೆನೇ ಜಾಸ್ತಿ ಬರ್ತಿತ್ತಲ್ವಾ?” ಇಲ್ಲ, ಅರ್ಧಕ್ಕರ್ಧ. ಹಾಳೆ ತೆರೆದು ತೋರಿಸಬಾರದು, ಬಾಯಿಮಾತಲ್ಲಿ ಹೇಳಿ ಮುಂದುವರಿಸಬೇಕು.

ಹೋಲಿಕೆಗೆ ನಂಬಬಹುದಾದ ಬಾಣದ ಆವೃತ್ತಿಯೂ ಬೇಕೆಂದರೆ ಪೋಸ್ನರ್ ಅವರಂತೆ 80 ಶೇಕಡಾ ಇಡಿ. 240 ಟ್ರಯಲ್‌ನಲ್ಲಿ 192 ಸರಿ, 48 ತಪ್ಪು. ಆದರೆ ಇದನ್ನು ಅರ್ಧಕ್ಕರ್ಧದ್ದು ಮುಗಿದ ಮೇಲೆ ಮಾಡಿಸಿ. ಮೊದಲು ಮಾಡಿಸಿದರೆ ಬಾಣವನ್ನು ನಂಬುವ ಚಾಳಿ ಅಂಟಿಕೊಳ್ಳುತ್ತದೆ, ಆಮೇಲೆ ಸಂಬಂಧವಿಲ್ಲ ಎಂದರೆ ಬಿಡುವುದಿಲ್ಲ. ಇಲ್ಲಿ ಸರಾಸರಿಯ ಬದಲು ಮಧ್ಯಾಂಕ (ಸಮಯಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ತೆಗೆಯುವವರಿಗೊಂದು ಎಚ್ಚರಿಕೆ: ಪ್ರತಿಕ್ರಿಯಾ ಸಮಯಗಳು ಒಂದು ಕಡೆ ಬಾಲ ಎಳೆದಂತೆ ಹರಡಿರುತ್ತವೆ, ಟ್ರಯಲ್ ಕಡಿಮೆ ಇದ್ದಾಗ ಮಧ್ಯಾಂಕ ತನ್ನಿಂತಾನೇ ಮೇಲಕ್ಕೆ ವಾಲುತ್ತದೆ ಎಂದು ಜೆಫ್ ಮಿಲ್ಲರ್ 1988ರಲ್ಲಿ ತೋರಿಸಿದ್ದಾರೆ. ಎರಡು ಗುಂಪಿನ ಸಂಖ್ಯೆ ಬೇರೆಬೇರೆ ಇರುವಾಗ ಅದೇ ಒಂದು ಸುಳ್ಳು ವ್ಯತ್ಯಾಸ. 100 ಮಿಲಿಸೆಕೆಂಡಿಗಿಂತ ಕಡಿಮೆಯವು (ಗುರಿ ನೋಡಿ ಒತ್ತಿದ್ದಲ್ಲ), 1000 ಮೀರಿದವು ತೆಗೆದು ಸರಾಸರಿ ಮಾಡಿ.

ಒಬ್ಬರ ಫಲಿತಾಂಶ ನೋಡಿ ಕುಣಿಯುವಂತಿಲ್ಲ ಎಂಬುದಕ್ಕೆ ಲೆಕ್ಕ ಇಲ್ಲಿದೆ. ಒಬ್ಬರ ಸಮಯ ಟ್ರಯಲ್‌ನಿಂದ ಟ್ರಯಲ್‌ಗೆ 70 ಮಿಲಿಸೆಕೆಂಡಿನಷ್ಟು ಚದುರುತ್ತದೆ ಎಂದಿಟ್ಟುಕೊಳ್ಳಿ. ಬಾಣದ ಮೂರು ಬ್ಲಾಕ್‌ನಲ್ಲಿ ಸರಿ ಕಡೆಯವು 72, ತಪ್ಪು ಕಡೆಯವು 72. ವ್ಯತ್ಯಾಸದ ಅನಿಶ್ಚಿತತೆ ಸುಮಾರು 12. ಒಂದೊಂದು ಅಂತರಕ್ಕೆ ಬಿಡಿಸಿದರೆ 24ಕ್ಕೆ 24, ಅನಿಶ್ಚಿತತೆ 20. ಹುಡುಕುತ್ತಿರುವುದೇ 15! ಇಪ್ಪತ್ತನಾಲ್ಕು ಜನ ಕೂತರೆ ಅದು 4ಕ್ಕೆ ಇಳಿಯುತ್ತದೆ, ಜನರಿಂದ ಜನರಿಗಿರುವ ನಿಜವಾದ ವ್ಯತ್ಯಾಸ ಬೇರೆ. ಅದಕ್ಕಿಂತ ಕಡಿಮೆ ಜನರಲ್ಲಿ ಈ ಪ್ರಯೋಗ ಮಾಡುವುದು ಸಮಯ ಹಾಳು ಎಂಬುದು ನಮ್ಮ ಅಭಿಪ್ರಾಯ.

ಪದದ ಬ್ಲಾಕ್ ಓದುವಾಗ ಇನ್ನೊಂದು ತಿಳಿದಿರಲಿ. ಬಾಣಕ್ಕೆ ಓದುವ ಕೆಲಸವಿಲ್ಲ, ಪದಕ್ಕೆ ಇದೆ. 100ರ ಅಂತರದಲ್ಲಿ ಪದದಿಂದ ಏನೂ ಸಿಗದಿದ್ದರೆ ಅದು ಸೋಲಲ್ಲ, 300 ಮತ್ತು 600 ನೋಡಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ, ಕನ್ನಡ ಮಾತಾಡಿದರೂ ಕಾಗುಣಿತ ಕೂಡಿಸಿಕೊಂಡು ಓದುವವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಇನ್ನೂ ತಡ. ಹಾಗಾಗಿ ಪ್ರಯೋಗಕ್ಕೆ ಮೊದಲು ಹನ್ನೆರಡು ಪದಗಳ ಪಟ್ಟಿಯೊಂದನ್ನು ಗಟ್ಟಿಯಾಗಿ ಓದಿಸಿ ಸಮಯ ಬರೆದಿಟ್ಟುಕೊಳ್ಳಬೇಕು. ಕನ್ನಡ ಅಂಕಿಗಳನ್ನು ಸೂಚಕ ಮಾಡಿದರೆ ಹೇಗೆ, ೧ ಎಡಕ್ಕೆ, ೯ ಬಲಕ್ಕೆ ಎಳೆಯಬಹುದಲ್ಲ ಎಂದು ಕೇಳುವವರಿದ್ದಾರೆ. 2003ರಲ್ಲಿ ಫಿಷರ್ ಮತ್ತು ಸಂಗಡಿಗರು ಅಂಕಿಗಳಿಂದ ಅಂಥ ಎಳೆತ ವರದಿ ಮಾಡಿದ್ದು ನಿಜ. 2020ರಲ್ಲಿ ಹಲವು ಪ್ರಯೋಗಾಲಯಗಳು ಒಟ್ಟಾಗಿ ಅದನ್ನೇ ಮತ್ತೆ ಮಾಡಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಬಾಣ ಕೈಗೆ ಸಿಗುವ ಮೊದಲು ಅಂಕಿಗೆ ಹೋಗುವುದು ಬೇಡ.

ಎಲ್ಲ ಮುಗಿದ ಮೇಲೆ, ಅಂಕಿಅಂಶ ತೋರಿಸುವ ಮೊದಲು, ಒಂದು ಚೀಟಿ ಕೊಡುತ್ತೇವೆ. ಮೂರೇ ಪ್ರಶ್ನೆ: ಬಾಣ ತೋರಿಸಿದ ಕಡೆ ಬಿಲ್ಲೆ ನೂರಕ್ಕೆ ಎಷ್ಟು ಸಲ ಬಂತು ಅನ್ನಿಸಿತು? ಪದ ಹೇಳಿದ ಕಡೆ ಎಷ್ಟು ಸಲ? ಬಾಣವನ್ನು ಬೇಕೆಂದೇ ಅನುಸರಿಸಿದಿರಾ? ಐವತ್ತು ಎಂದು ಬರೆದವರ ಫೈಲನ್ನೂ ಎಪ್ಪತ್ತು ಎಂದು ಬರೆದವರ ಫೈಲನ್ನೂ ಬೇರೆಬೇರೆ ಫೋಲ್ಡರಿಗೆ ಹಾಕುತ್ತೇವೆ, ಲೆಕ್ಕ ಒಮ್ಮೆ ಎಲ್ಲರದೂ ಸೇರಿಸಿ, ಒಮ್ಮೆ ಐವತ್ತರವರದು ಮಾತ್ರ.